ನೂರೈವತ್ತು ಲೀಟರಿನ ಮರುಭೂಮಿ

ಶಿವರಾತ್ರಿ ಕಳೆದು ವಿಷು ಬರುವುದರೊಳಗೆ ನಮ್ಮ ಅಂತರ್ಜಾಲ ಪತ್ರಿಕೆಗಳಲ್ಲಿ ಒಂದು ಜಾತಿಯ ಪ್ರವಾಸ ಕಥನ ಹೂ ಬಿಡುತ್ತದೆ. ಓದುಗರಿಗೆ ಅದರ ಪರಿಚಯ ಉಂಟು. ಕ್ಯಾಲಿಫೋರ್ನಿಯಾದಲ್ಲಿರುವ ಮಗ ಅಥವಾ ಮಗಳು, ಊರಿನಿಂದ ಆರು ತಿಂಗಳ ವೀಸಾದಲ್ಲಿ ಹೋಗಿರುವ ಅಪ್ಪ ಅಮ್ಮ, ಮಕ್ಕಳ ವಸಂತ ರಜೆ, ಬಾಡಿಗೆಗೆ ಹಿಡಿದ ಒಂದು ಆರ್‌ವಿ. ಆರ್‌ವಿ ಎಂದರೆ ಗಾಲಿಯ ಮೇಲೆ ಕೂರಿಸಿದ ಮನೆ. ಒಲೆ, ಫ್ರಿಜ್ಜು, ಹಾಸಿಗೆ, ಕಕ್ಕಸು ಎಲ್ಲ ಒಳಗೇ. ಅದರಲ್ಲಿ ಕುಳಿತು ಇವರು ಡೆತ್ ವ್ಯಾಲಿಗೋ ಜೋಶುವಾ ಟ್ರೀಗೋ ಆನ್ಜಾ ಬೊರೇಗೋಗೋ ಹೋಗುತ್ತಾರೆ. ಮರುಭೂಮಿಯಲ್ಲಿ ಹೂ ಕಾಣುತ್ತದೆ, ರಾತ್ರಿ ನಕ್ಷತ್ರ ಕಾಣುತ್ತದೆ, ಅಮ್ಮ ಆರ್‌ವಿಯ ಒಲೆಯಲ್ಲಿ ನೀರುದೋಸೆ ಹುಯ್ಯುತ್ತಾರೆ, ಅಪ್ಪ ಹೊರಗೆ ಮಡಚುವ ಕುರ್ಚಿಯಲ್ಲಿ ಕುಳಿತು "ಇಲ್ಲಿ ಎಂತ ಉಂಟು ಮಾರಾಯಾ, ಏನೂ ಇಲ್ಲ" ಎನ್ನುತ್ತಾರೆ. ಲೇಖಕರು ಅದನ್ನು ತತ್ವಜ್ಞಾನವೆಂದು ತಿಳಿದು ಕೊನೆಯ ಪ್ಯಾರಾದಲ್ಲಿ ಶೂನ್ಯದ ಬಗ್ಗೆ, ಬಿಡುಗಡೆಯ ಬಗ್ಗೆ ನಾಲ್ಕು ಸಾಲು ಬರೆಯುತ್ತಾರೆ.

ಈ ಬರಹಗಳ ಮೇಲೆ ನನಗೆ ತಕರಾರು ಉಂಟು. ಬರೆಯುವವರಲ್ಲಿ ಎಷ್ಟೋ ಮಂದಿ ಪುತ್ತೂರು, ಸುಳ್ಯ, ಕಡಬದ ಕಡೆಯವರು, ಅಡಿಕೆ ತೋಟದ ಮನೆಗಳವರು. ಅವರು ತಿರುಗಾಡಬಾರದೆಂಬ ಹೊಟ್ಟೆಕಿಚ್ಚಿನ ಮಾತಲ್ಲ ಇದು. ಆ ಗಾಡಿಯಲ್ಲಿ ಮೂರು ದಿನ ಇದ್ದವರು ಬೇಡವೆಂದರೂ ಕಲಿಯಲೇಬೇಕಾದ ಒಂದು ಲೆಕ್ಕ ಉಂಟು. ಇವರು ಆ ಲೆಕ್ಕವನ್ನು ಅಲ್ಲಿಯೇ ಬಿಟ್ಟು ಹೂವಿನ ಫೋಟೋ ಮಾತ್ರ ತರುತ್ತಾರೆ. ತಕರಾರು ಅದರ ಬಗ್ಗೆ.

ಲೆಕ್ಕ ಹೀಗೆ. ಬಾಡಿಗೆಗೆ ಸಿಗುವ ಮಧ್ಯಮ ಗಾತ್ರದ ಆರ್‌ವಿಯಲ್ಲಿ ಒಳ್ಳೆಯ ನೀರಿನ ಟ್ಯಾಂಕು ಸುಮಾರು 150 ಲೀಟರು ಹಿಡಿಯುತ್ತದೆ. ಅದರ ಜೊತೆ ಇನ್ನೆರಡು ಟ್ಯಾಂಕುಗಳಿರುತ್ತವೆ. ಸ್ನಾನದ, ಪಾತ್ರೆ ತೊಳೆದ ನೀರಿಗೆ ಒಂದು. ಅದನ್ನು ಬೂದು ನೀರು ಎನ್ನುತ್ತಾರೆ. ಕಕ್ಕಸಿನದಕ್ಕೆ ಇನ್ನೊಂದು, ಅದು ಕಪ್ಪು ನೀರು. ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಹೆಚ್ಚಿನ ತಂಗುದಾಣಗಳಲ್ಲಿ ನಲ್ಲಿಯೇ ಇಲ್ಲ. ಆದ್ದರಿಂದ ಹೊರಡುವಾಗ ತುಂಬಿಸಿದ 150 ಲೀಟರು ನಾಲ್ಕು ಜನರಿಗೆ ಎರಡು ಮೂರು ದಿನ ಬರಬೇಕು. ನಮ್ಮ ಬಚ್ಚಲಿನ ಶವರ್ ಬಿಟ್ಟ ಹಾಗೆ ಬಿಟ್ಟರೆ ಕಾಲು ಗಂಟೆಯಲ್ಲಿ ಅಷ್ಟೂ ಮುಗಿದೀತು. ಹಾಗಾಗಿ ಮೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನಲ್ಲಿ ತಿರುಗಿಸುವುದು. ತಟ್ಟೆಯನ್ನು ಮೊದಲು ಕಾಗದದಲ್ಲಿ ಒರಸಿ ಆಮೇಲೆ ತೊಳೆಯುವುದು. ಗೋಡೆಯ ಮೇಲೆ ಒಂದು ಪುಟ್ಟ ಫಲಕ, ಅದರಲ್ಲಿ ಸಾಲು ದೀಪಗಳು. ಒಳ್ಳೆಯ ನೀರು ಎಷ್ಟು ಉಳಿದಿದೆ, ಕೆಟ್ಟ ನೀರು ಎಷ್ಟು ತುಂಬಿದೆ ಎಂದು ಅವು ಹೇಳುತ್ತಿರುತ್ತವೆ. ಮಕ್ಕಳು ಕೂಡ ಆ ದೀಪ ನೋಡಿ ನೀರು ಮುಟ್ಟುತ್ತಾರೆ.

ಆಮೇಲೆ ಇನ್ನೊಂದು ಕೆಲಸ, ಯಾವ ಪ್ರವಾಸ ಕಥನದಲ್ಲಿಯೂ ಬಾರದ್ದು. ತುಂಬಿದ ಕಪ್ಪು ನೀರನ್ನು ಖಾಲಿ ಮಾಡಲಿಕ್ಕೆ ಗೊತ್ತುಪಡಿಸಿದ ಜಾಗಕ್ಕೇ ಹೋಗಬೇಕು. ಕೈಗೆ ಗ್ಲೌಸು ಹಾಕಿ, ದಪ್ಪ ಪೈಪು ಸಿಕ್ಕಿಸಿ, ಹಿಡಿಕೆ ಎಳೆದು, ಕುಟುಂಬದ ಮೂರು ದಿನದ ಮಲಮೂತ್ರ ಚರಂಡಿಗೆ ಇಳಿಯುವುದನ್ನು ನಿಂತು ನೋಡಬೇಕು. ಆ ಉದ್ಯಾನಗಳಲ್ಲಿ ಬೂದು ನೀರನ್ನು ಸಹ ನೆಲಕ್ಕೆ ಚೆಲ್ಲುವ ಹಾಗಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರವಾಸದ ಅತ್ಯಂತ ಬೆಲೆಬಾಳುವ ಹದಿನೈದು ನಿಮಿಷ ಅದು. ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರೊಬ್ಬ ತಾನು ಎಷ್ಟು ನೀರು ಹಾಳು ಮಾಡಿದೆ ಎಂಬುದನ್ನು ಜೀವಮಾನದಲ್ಲಿ ಮೊದಲ ಸಲ ಕಣ್ಣಾರೆ ಕಾಣುವುದು ಅಲ್ಲಿ. ಆದರೆ ಆ ಫೋಟೋ ಯಾರೂ ಹಾಕುವುದಿಲ್ಲ. ಬಿಡುಗಡೆ, ಅಲೆಮಾರಿತನ, ಬಂಧನವಿಲ್ಲದ ದಾರಿ ಎಂದೆಲ್ಲ ಬರೆಯುವವರು ಆ ಹಿಡಿಕೆಯ ವಿಷಯ ಬರೆದರೆ ಬರಹ ಕೆಡುತ್ತದೆ ಎಂದುಕೊಂಡಿದ್ದಾರೆ. ಅದೊಂದೇ ಬರೆಯಬೇಕಾದ ವಿಷಯವಾಗಿತ್ತು.

ಇನ್ನು ಅಪ್ಪನ "ಏನೂ ಇಲ್ಲ". ಮೊಹಾವಿ ಮರುಭೂಮಿಯ ಹೂಗಳು ಪ್ರತಿ ವರ್ಷ ಬರುವುದಿಲ್ಲ. ಬೀಜಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತವೆ. ಹಲವು ಜಾತಿಯ ಬೀಜಗಳ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಹಿಡಿಯುವ ರಸಾಯನ ಇರುತ್ತದೆ; ಒಂದು ಹದದ ಮಳೆ ಬಂದು ಅದನ್ನು ತೊಳೆದರೆ ಮಾತ್ರ ಮೊಳಕೆ. ಸಣ್ಣ ಹನಿಗೆ ಮೋಸ ಹೋಗದಂತೆ ಬೀಜವೇ ಮಳೆಯನ್ನು ಅಳೆಯುತ್ತದೆ. ಅಲ್ಲಿಯ ನೆಲದಾಮೆ ವಸಂತದಲ್ಲಿ ಬಿಲ ಬಿಟ್ಟು ಹೊರಬರುತ್ತದೆ. ಅದು ಮೂತ್ರಕೋಶದಲ್ಲಿ ನೀರು ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಬದುಕುವ ಪ್ರಾಣಿ. ನಾವು ಮುದ್ದು ಬಂತೆಂದು ಎತ್ತಿದರೆ ಹೆದರಿ ಅಷ್ಟನ್ನೂ ಚೆಲ್ಲಿಬಿಡುತ್ತದೆ. ಒಂದು ಸೆಲ್ಫಿಗೆ ಅದರ ಒಂದು ಬೇಸಗೆಯ ನೀರು ಹೋದ ಹಾಗೆ. ನೆರಳಿಗೆಂದು ಗಾಡಿಯಡಿ ಬಂದು ಮಲಗುವ ಅಭ್ಯಾಸವೂ ಅದಕ್ಕಿರುವುದರಿಂದ ಹೊರಡುವ ಮೊದಲು ಚಕ್ರದ ಬಳಿ ಬಗ್ಗಿ ನೋಡಿ ಎಂದು ಅಲ್ಲಿಯ ಸಿಬ್ಬಂದಿ ಹೇಳುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ ಕೆಲ ವರ್ಷ, ಅಮೆರಿಕದ ಸೈನ್ಯ ಆ ಮರುಭೂಮಿಯಲ್ಲಿ ಟ್ಯಾಂಕುಗಳ ತರಬೇತಿ ನಡೆಸಿತು. ಆ ಗಾಲಿಗಳ ಗುರುತು ಇಂದಿಗೂ ನೆಲದ ಮೇಲಿದೆ. ನಮ್ಮಲ್ಲಿ ಆಟಿಯ ಒಂದು ವಾರದ ಮಳೆಗೆ ಲಾರಿಯ ದಾರಿಯೇ ಮುಚ್ಚಿಹೋಗುತ್ತದೆ. ಅಲ್ಲಿ ಗಾಯ ಮಾಯುವುದಿಲ್ಲ.

ಹೂ ನೋಡುವವರ ಗಲಾಟೆಯೂ ಸಣ್ಣದಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಲೇಕ್ ಎಲ್ಸಿನೋರ್ ಊರಿನ ಪಕ್ಕದ ವಾಕರ್ ಕಣಿವೆಯಲ್ಲಿ 2019ರ ಮಾರ್ಚಿನಲ್ಲಿ ಗಸಗಸೆ ಜಾತಿಯ ಕಿತ್ತಳೆ ಹೂ ಗುಡ್ಡ ತುಂಬಿದಾಗ ಜನ ನುಗ್ಗಿ, ಹೂವಿನ ಮೇಲೆಯೇ ಮಲಗಿ ಫೋಟೋ ತೆಗೆಸಿಕೊಂಡು, ರಸ್ತೆ ಕಟ್ಟಿ, ಊರವರಿಗೆ ಮನೆಯಿಂದ ಹೊರಬರಲಾಗಲಿಲ್ಲ. 2023ರಲ್ಲಿ ಮತ್ತೆ ಹೂ ಬಂದಾಗ ಊರಿನ ಆಡಳಿತ ಕಣಿವೆಯನ್ನೇ ಮುಚ್ಚಿತು. ಹೂವಿನ ವಸಂತದ ಪ್ರಬಂಧಗಳಲ್ಲಿ ಇದೂ ಇಲ್ಲ.

ಹಾಗೆಂದು ಅಮೆರಿಕದವರು ನೀರಿನ ವಿಷಯದಲ್ಲಿ ಸಂತರು ಎಂದು ನಾನು ಹೇಳಿದೆನೆಂದು ಯಾರೂ ತಿಳಿಯಬೇಡಿ. ಜೋಶುವಾ ಟ್ರೀಯ ಕೆಳಗೆ ಕೋಚೆಲ್ಲಾ ಕಣಿವೆ ಉಂಟು. ಅಲ್ಲಿಯ ಮೂಲನಿವಾಸಿಗಳಾದ ಕವೀಯಾ ಜನ ಮರಳಿನಲ್ಲಿ ಇಳಿಜಾರಾಗಿ ತೋಡಿ, ಮೆಟ್ಟಿಲು ಮಾಡಿ, ಕೊಡ ಹಿಡಿದು ನಡೆದೇ ಇಳಿಯುವ ಬಾವಿಗಳನ್ನು ಕೈಯಲ್ಲಿ ಅಗೆದಿದ್ದರು. ಆ ಬಾವಿಯ ನೆನಪಿಗೆ ಅಲ್ಲಿ ಒಂದು ಊರಿನ ಹೆಸರೇ ಇಂಡಿಯನ್ ವೆಲ್ಸ್. ಈಗ ಆ ಊರು ಹೆಸರಾಗಿರುವುದು ಮಾರ್ಚಿನ ಟೆನಿಸ್ ಪಂದ್ಯಾವಳಿಗೆ ಮತ್ತು ಗಾಲ್ಫಿಗೆ. ಆ ಒಂದು ಕಣಿವೆಯಲ್ಲಿ ನೂರಕ್ಕೂ ಹೆಚ್ಚು ಗಾಲ್ಫ್ ಮೈದಾನಗಳು, ಕೊಲೊರಾಡೋ ನದಿಯಿಂದ ಕಾಲುವೆಯಲ್ಲಿ ಬಂದ ನೀರು ಅಲ್ಲಿಯ ಹುಲ್ಲಿಗೂ ಉಂಟು. ಅಂದರೆ ಒಂದೇ ಮರುಭೂಮಿಯಲ್ಲಿ ಎರಡು ಲೆಕ್ಕ: ಗಾಡಿಯೊಳಗೆ ದೀಪ ನೋಡಿ ನೀರು ಮುಟ್ಟುವ ಲೆಕ್ಕ, ಗಾಡಿ ಹೊರಗೆ ಲೆಕ್ಕವೇ ಇಲ್ಲದ ಲೆಕ್ಕ. ನಮ್ಮವರು ಊರಿಗೆ ತರುವುದು ಎರಡನೆಯದನ್ನು.

ಅಪ್ಪ ಊರಿಗೆ ಬರುವುದು ಸಾಮಾನ್ಯವಾಗಿ ಏಪ್ರಿಲಿನಲ್ಲಿ, ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ತಪ್ಪಬಾರದೆಂದು. ಜಾತ್ರೆ ಏಪ್ರಿಲ್ 10ಕ್ಕೆ ಕೊಡಿ ಏರಿ 17ಕ್ಕೆ ರಥ. ಆ ಹೊತ್ತಿಗೆ ತೋಟದಲ್ಲಿ ಸ್ಪ್ರಿಂಕ್ಲರ್ ಹಗಲಿಡೀ ಸುತ್ತುತ್ತಿರುತ್ತದೆ, ಕರೆಂಟು ಇದ್ದಷ್ಟು ಹೊತ್ತು ನೀರು. ಇಲ್ಲಿ ಸ್ವಲ್ಪ ಗಣಿತ ಮಾಡೋಣ. ಅಡಿಕೆ ಮರಕ್ಕೆ ಮಾರ್ಚಿಯಿಂದ ಮೇವರೆಗೆ ಬುಡಕ್ಕೆ ಹಾಯಿಸುವುದಾದರೆ ಮೂರರಿಂದ ಐದು ದಿನಕ್ಕೊಮ್ಮೆ ಸುಮಾರು 175 ಲೀಟರು, ಹನಿ ನೀರಾವರಿಯಾದರೆ ದಿನಕ್ಕೆ 16ರಿಂದ 20 ಲೀಟರು ಎಂಬುದು ಕೃಷಿ ವಿಜ್ಞಾನಿಗಳ ಶಿಫಾರಸು. ಅಂದರೆ ನಾಲ್ಕು ಜನರ ಒಂದು ಕುಟುಂಬ ಮರುಭೂಮಿಯಲ್ಲಿ ಮೂರು ದಿನ ಬದುಕಿದ ನೀರು ನಮ್ಮ ಒಂದು ಅಡಿಕೆ ಮರದ ಒಂದು ಸರ್ತಿಯ ಬುಡಕ್ಕೆ ಸಾಲದು. ಎಕರೆಗೆ ಸುಮಾರು 550 ಮರ. ಹನಿ ನೀರಾವರಿಯಲ್ಲಿಯೂ ದಿನಕ್ಕೆ 11,000 ಲೀಟರು, ಎಪ್ಪತ್ತಮೂರು ಆರ್‌ವಿಗಳ ತುಂಬಿದ ಟ್ಯಾಂಕು. ಬುಡಕ್ಕೆ ನಾಲ್ಕು ದಿನಕ್ಕೊಮ್ಮೆ ಹಾಯಿಸಿದರೆ ಅದರ ಎರಡು ಪಟ್ಟಿಗೂ ಮೇಲೆ. ಐದೆಕರೆಯವರು ಐದರಿಂದ ಗುಣಿಸಿಕೊಳ್ಳಬಹುದು. ಬೆಳೆ ಬೇಡವೆಂದು ನಾನು ಹೇಳುತ್ತಿಲ್ಲ; ನನ್ನ ಅನ್ನವೂ ಅಡಿಕೆಯಿಂದಲೇ. ಹನಿಯಲ್ಲಿ ಮುಗಿಯುವ ಕೆಲಸಕ್ಕೆ ಎರಡು ಪಟ್ಟು ನೀರು ಹಾರಿಸಿ, ಅದು ಎಲ್ಲಿಂದ ಬಂತೆಂದು ನೋಡುವ ದೀಪ ಗೋಡೆಯ ಮೇಲೆ ಇಲ್ಲದಿರುವುದು ತಕರಾರು. ಇಲ್ಲಿ ನೀರು ಮುಗಿದದ್ದು ಗೊತ್ತಾಗುವುದು ಪಂಪು ಗಾಳಿ ಉಗುಳಿದಾಗ. ಆಗ ರಿಗ್ ಲಾರಿಗೆ ಫೋನು.

"ನಮ್ಮದು ಮರುಭೂಮಿಯಾ? ನಾಲ್ಕು ಸಾವಿರ ಮಿಲಿಮೀಟರು ಮಳೆ ಬರುವ ಊರು" ಎಂಬುದು ಇದಕ್ಕೆ ಸಿದ್ಧ ಉತ್ತರ. ಹೌದು, ಮೂರೂವರೆ ನಾಲ್ಕು ಸಾವಿರ ಬರುತ್ತದೆ. ಡೆತ್ ವ್ಯಾಲಿಯಲ್ಲಿ ವರ್ಷಕ್ಕೆ ಬರುವುದು ಐವತ್ತು ಅರುವತ್ತು ಮಿಲಿಮೀಟರು. ಆದರೆ ನಮ್ಮ ಮಳೆಯ ದೊಡ್ಡ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು, ಮುರಕಲ್ಲಿನ ಇಳಿಜಾರಿನಲ್ಲಿ ತೋಡಿಗೆ, ತೋಡಿನಿಂದ ಕುಮಾರಧಾರೆಗೆ, ಪಯಸ್ವಿನಿಗೆ ಇಳಿದು ಕಡಲಿಗೆ ಹೋಗಿ ಮುಗಿಯುತ್ತದೆ. ಗುಡ್ಡೆಯ ಹೊಟ್ಟೆಯಲ್ಲಿ ಉಳಿದದ್ದಷ್ಟೇ ಮಾರ್ಚಿಗೆ ನಮ್ಮದು. ಉಪ್ಪಿನಂಗಡಿಯಲ್ಲಿ ಮಖೆಯ ಹೊತ್ತಿಗೆ ನೇತ್ರಾವತಿಯೂ ಕುಮಾರಧಾರೆಯೂ ಕೂಡುವಲ್ಲಿ ಮರಳಿನ ಮೇಲೆ ನಡೆದೇ ಹೋಗಿ ಉದ್ಭವ ಲಿಂಗಕ್ಕೆ ಕೈಮುಗಿದು ಬೆಳೆದವರು ನಾವು. ಹೊಳೆಯ ಮಧ್ಯದಲ್ಲಿ ದೇವರು ಬೇಸಗೆಯಲ್ಲಿ ಮಾತ್ರ ಕಾಣುತ್ತಾನೆಂಬುದು ನಮಗೆ ಭಕ್ತಿಯ ವಿಷಯವಾಯಿತೇ ಹೊರತು ನೀರಿನ ವಿಷಯವಾಗಲಿಲ್ಲ.

ಆ ಗುಡ್ಡೆಯ ಹೊಟ್ಟೆಯ ವಿಷಯಕ್ಕೆ ಬಂದಾಗ ಅಪ್ಪನ ಅದೇ ಮಾತು ಮತ್ತೆ ಕೇಳುತ್ತದೆ. ಮನೆಯ ಹಿಂದಿನ ಕುಮ್ಕಿ ಗುಡ್ಡೆಯನ್ನು ತೋರಿಸಿ "ಅಲ್ಲಿ ಎಂತ ಉಂಟು, ಏನೂ ಇಲ್ಲ" ಎನ್ನುತ್ತಾರೆ. ಸೊಪ್ಪಿಗೆ, ದರಗಿಗೆ, ದನ ಮೇಯಲಿಕ್ಕೆ ಎಂದು ವರ್ಗ ಜಾಗದ ಪಕ್ಕ ಬಿಟ್ಟ ಕುಮ್ಕಿ. ದನ ಹೋಯಿತು, ಸೊಪ್ಪು ತರುವವರಿಲ್ಲ, ಆದ್ದರಿಂದ ಅದು "ಏನೂ ಇಲ್ಲದ" ಜಾಗ. ಹಿಟಾಚಿ ಬರುತ್ತದೆ, ಒಂದು ವಾರದಲ್ಲಿ ಗುಡ್ಡೆ ಮೆಟ್ಟಿಲು ಮೆಟ್ಟಿಲಾಗಿ ರಬ್ಬರಿಗೋ ಹೊಸ ಅಡಿಕೆಗೋ ತಯಾರು. ಮಳೆಗಾಲದಲ್ಲಿ ಮುಳಿಹುಲ್ಲಿನ ನಡುವೆ, ಕಲ್ಲಿನ ಸೀಳಿನಲ್ಲಿ ನೀರು ಇಂಗುತ್ತಿದ್ದದ್ದು ಅಲ್ಲಿ. ಕೆಳಗಿನ ಬಾವಿಗೆ ಏಪ್ರಿಲಿನಲ್ಲಿ ಒಸರು ಬರುತ್ತಿದ್ದದ್ದು ಆ "ಏನೂ ಇಲ್ಲ"ದ ಕೆಳಗಿನಿಂದ. ಮೊಹಾವಿಯಲ್ಲಿ ಕುಳಿತು ಹೇಳಿದ ಮಾತಿನಿಂದ ಮೊಹಾವಿಗೆ ನಷ್ಟವಿಲ್ಲ. ಇಲ್ಲಿ ಅದೇ ಮಾತಿಗೆ ಹಿಟಾಚಿಯ ಗಂಟೆ ಬಾಡಿಗೆ ಶುರುವಾಗುತ್ತದೆ.

ನಮ್ಮ ಸೀಮೆಯಲ್ಲಿ ಹಿಂದೆ ಲೆಕ್ಕ ಇರಲಿಲ್ಲವೆಂದಲ್ಲ. ದಕ್ಷಿಣ ಕನ್ನಡದ ತೆಂಕು ಭಾಗ ಮತ್ತು ಕಾಸರಗೋಡಿನ ಗುಡ್ಡೆಗಳಲ್ಲಿ ಸುರಂಗಗಳಿವೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲಕ್ಕೆ ಗುಡ್ಡೆಯ ಬದಿಯಿಂದ ಅಡ್ಡಕ್ಕೆ ಕೊರೆದುಕೊಂಡು ಹೋಗಿ, ಒಸರು ಸಿಕ್ಕಿದ ಮೇಲೆ ನೀರು ತಾನಾಗಿ ಹರಿದು ಬರುವ ಹಾಗೆ ಮಾಡುವುದು. ಮೋಟರಿಲ್ಲ, ಕರೆಂಟಿಲ್ಲ. ವಿಟ್ಲದ ಆಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬರಡು ಇಳಿಜಾರಿನಲ್ಲಿ ಒಬ್ಬರೇ ಸುರಂಗ ಕೊರೆದರು. ಒಂದರಲ್ಲಿ ಸಿಗದೆ ಇನ್ನೊಂದು, ಅದರಲ್ಲಿಯೂ ಸಿಗದೆ ಮತ್ತೊಂದು ಎಂದು ವರ್ಷಗಟ್ಟಲೆ ಕೊರೆದು ನೀರು ಕಂಡು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಛಲದ ಬಗ್ಗೆ ಎಲ್ಲರೂ ಬರೆದರು. ನನಗೆ ಮುಖ್ಯವಾಗಿ ಕಾಣುವುದು ಸುರಂಗದ ಸ್ವಭಾವ. ಅದು ಗುಡ್ಡೆ ಕೊಟ್ಟಷ್ಟೇ ಕೊಡುತ್ತದೆ, ಎಳೆದರೆ ಬರುವುದಿಲ್ಲ. ರಾತ್ರಿಯಿಡೀ ಹರಿದದ್ದು ಮಣ್ಣಿನ ಸಣ್ಣ ಕೆರೆಯಲ್ಲಿ ತುಂಬಬೇಕು, ಬೆಳಿಗ್ಗೆ ಅದನ್ನು ಬಿಡಬೇಕು. ಕೆರೆಯ ನೀರಿನ ಮಟ್ಟವೇ ಆರ್‌ವಿ ಗೋಡೆಯ ದೀಪ. ತೋಟದ ಗಾತ್ರ ನೀರಿನ ಗಾತ್ರಕ್ಕಿಂತ ದೊಡ್ಡದಾಗಲು ಅದು ಬಿಡುತ್ತಿರಲಿಲ್ಲ. ತೋಡಿಗೆ ಅಡ್ಡ ಕಲ್ಲು ಮಣ್ಣು ಹಾಕಿ ಊರವರು ಸೇರಿ ಕಟ್ಟುತ್ತಿದ್ದ ಕಟ್ಟಗಳದ್ದೂ ಇದೇ ಕ್ರಮ: ಇಂಥ ದಿನ ನಿನಗೆ, ಇಂಥ ದಿನ ನನಗೆ. ಪುತ್ತೂರಿನಿಂದ ಹೊರಡುವ 'ಅಡಿಕೆ ಪತ್ರಿಕೆ' 1988ರಿಂದ ಈ ವಿಷಯಗಳನ್ನು ರೈತರಿಂದಲೇ ಬರೆಸುತ್ತ ಬಂದಿದೆ, ಶ್ರೀ ಪಡ್ರೆಯವರು ನೆಲ ಜಲದ ಬಗ್ಗೆ ದಶಕಗಳಿಂದ ಬರೆದಿದ್ದಾರೆ. ಗೊತ್ತಿಲ್ಲವೆಂದು ಹೇಳಲಿಕ್ಕೆ ನಮ್ಮ ತಾಲೂಕಿನವರಿಗೆ ಬಾಯಿಲ್ಲ. ನೂರಾರು ಅಡಿ ಆಳದ ಬೋರ್‌ವೆಲ್ ಈ ಲೆಕ್ಕವನ್ನೆಲ್ಲ ಕಳಚಿಹಾಕಿತು, ನಮಗೆ ಅದು ಹಾಯೆನಿಸಿತು, ಅಷ್ಟೆ.

ಇನ್ನೊಂದು ಮಾತು, ಇದು ನಮ್ಮ ಸಾಹಿತ್ಯದ ಕುರಿತದ್ದು. ಕನ್ನಡದಲ್ಲಿ ಮರುಭೂಮಿಯ ವಸಂತವೆಂದರೆ ಆರ್‌ವಿಯ ವಸಂತವೇ ಏಕೆ? ಪುತ್ತೂರು, ಕುಂಬ್ರ, ಸವಣೂರು, ಬೆಳ್ಳಾರೆ, ಜಾಲ್ಸೂರುಗಳ ಎಷ್ಟೋ ಬ್ಯಾರಿ ಮನೆಗಳಲ್ಲಿ ಮರುಭೂಮಿ ಎರಡು ತಲೆಮಾರಿನ ಸಂಬಳದ ಜಾಗ. ಕುವೈತಿನಲ್ಲಿ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಅಲ್ಲಿಯ ಕುಟುಂಬಗಳು ಮರುಭೂಮಿಯಲ್ಲಿ ಡೇರೆ ಹಾಕಿ ವಾರಗಟ್ಟಲೆ ಇರುತ್ತಾರೆ, ಗಾಲಿಮನೆಗಳನ್ನೂ ತರುತ್ತಾರೆ. ಆ ಡೇರೆ ಹೊಡೆಯುವವರು, ಅಡುಗೆ ಮಾಡುವವರು, ನೀರಿನ ಟ್ಯಾಂಕರ್ ಓಡಿಸುವವರು ಹೊರದೇಶದಿಂದ ಹೋದ ಕೆಲಸಗಾರರು, ನಮ್ಮ ಕರಾವಳಿಯವರು ಕೂಡ. ಯಾರ ಡೇರೆಗೆ ದಿನಕ್ಕೆ ಎಷ್ಟು ನೀರು ಬೇಕು, ಕೊಳೆ ನೀರು ಎಲ್ಲಿಗೆ ಹೋಗುತ್ತದೆ, ಮಾರ್ಚಿಯ ಧೂಳು ಗಾಳಿಗೆ ಡೇರೆಯ ಯಾವ ಹಗ್ಗ ಮೊದಲು ಬಿಚ್ಚುತ್ತದೆ ಎಂದು ತಿಳಿದವರು ಅವರು. ರಜೆಗೆ ಬಂದಾಗ ಅವರನ್ನು ಯಾರೂ "ಮರುಭೂಮಿ ಹೇಗುಂಟು, ಬರೆಯಿರಿ" ಎಂದು ಕೇಳುವುದಿಲ್ಲ. ಕೇಳುವುದು ಚಿನ್ನದ ರೇಟು. ಸಂಪಾದಕರು ಒಂದು ವಸಂತ ಆರ್‌ವಿ ಕಥನಗಳಿಗೆ ರಜೆ ಕೊಟ್ಟು ಆ ಟ್ಯಾಂಕರ್ ಓಡಿಸಿದವರನ್ನು ಬರೆಯಲು ಕರೆದರೆ ನಮಗೆ ಮರುಭೂಮಿಯ ಬಗ್ಗೆ ಹೊಸತೇನಾದರೂ ಓದಲು ಸಿಕ್ಕೀತು.

ಈಗ ಗಾಲಿಮನೆ ನಮ್ಮ ಕಡೆಗೇ ಬರುವ ಮಾತು. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆ ನೀತಿಯನ್ನೇ ಪ್ರಕಟಿಸಿತು, ವಾಗಮಣ್‌ನಲ್ಲಿ ಗಾಡಿಗಳು ತಂಗುವ ಪಾರ್ಕು ಆಯಿತು. ನಮ್ಮಲ್ಲಿಯೂ ಬರಲಿ, ಕುಕ್ಕೆ, ಬಿಸಿಲೆ, ಕುಮಾರ ಪರ್ವತದ ಬುಡ ಹೇಳಿ ಮಾಡಿಸಿದ ಜಾಗ, ಹೋಂಸ್ಟೇ ಕಟ್ಟುವ ಖರ್ಚಿಲ್ಲ, ಹುಡುಗರಿಗೆ ಕೆಲಸ ಸಿಗುತ್ತದೆ ಎನ್ನುವವರಿದ್ದಾರೆ. ಅಮೆರಿಕದಲ್ಲಿ ಒಂದು ವಾರ ಆರ್‌ವಿಯಲ್ಲಿ ಕಳೆದು ಬಂದವರ ದನಿ ಇದರಲ್ಲಿ ಎಲ್ಲರಿಗಿಂತ ಜೋರು. ಕಟ್ಟಡಕ್ಕಿಂತ ಗಾಡಿ ಒಳ್ಳೆಯದೆಂಬ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಗುಡ್ಡೆ ಕಡಿದು ರೆಸಾರ್ಟ್ ಕಟ್ಟುವುದಕ್ಕಿಂತ ಮರದಡಿ ಗಾಡಿ ನಿಲ್ಲುವುದು ಎಷ್ಟೋ ವಾಸಿ. ಆದರೆ ಗಾಡಿಯ ಮೇಲಿನ ಭಾಗದ ಬಗ್ಗೆ ಮಾತ್ರ ಮಾತು, ಕೆಳಗಿನ ಮೂರು ಟ್ಯಾಂಕುಗಳ ಬಗ್ಗೆ ಮೌನ.

ಜನ ಬರುವ ಕಾಲವನ್ನೂ ನೋಡಿ. ಮಳೆಗಾಲದಲ್ಲಿ ಜಿಗಣೆಗೆ ಹೆದರಿ ಯಾರೂ ಕಾಡಿನ ಬದಿಯಲ್ಲಿ ತಂಗುವುದಿಲ್ಲ. ಬರುವುದು ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ ಮೇಯಲ್ಲಿ, ಕುಮಾರಧಾರೆ ಬಂಡೆಗಳ ನಡುವೆ ತೆಳ್ಳಗಾಗಿ ಹರಿಯುವಾಗ. ಆ ಕಾಲಕ್ಕೆ ಈಗಲೇ ಕುಕ್ಕೆಯ ಸ್ನಾನಘಟ್ಟದಲ್ಲಿ ಮಿಂದವರು ಬಿಟ್ಟುಹೋದ ಬಟ್ಟೆ ಕಲ್ಲಿಗೆ ಸುತ್ತಿಕೊಂಡಿರುತ್ತದೆ. ಹೊಳೆಬದಿಯಲ್ಲಿ ಟೆಂಪೋ ಟ್ರಾವೆಲರ್ ನಿಲ್ಲಿಸಿ ಒಲೆ ಹೂಡಿ, ಉಂಡು, ಎಲೆ ತಟ್ಟೆ ಬಾಟಲಿ ಅಲ್ಲಿಯೇ ಬಿಟ್ಟು, ಮಕ್ಕಳನ್ನು ಬಂಡೆಯ ಮರೆಗೆ ಕೂರಿಸಿ ಹೊರಡುವುದು ನಮ್ಮ ಪ್ರವಾಸದ ಪದ್ಧತಿ. ಟ್ಯಾಂಕಿಲ್ಲದ ಆರ್‌ವಿಗಳು ನಮ್ಮಲ್ಲಿ ಮೊದಲೇ ಇವೆ ಎಂದೂ ಹೇಳಬಹುದು. ಇವುಗಳ ಜೊತೆಗೆ ಟ್ಯಾಂಕಿರುವ ಗಾಡಿಗಳೂ ಬಂದರೆ, ಮೂರು ದಿನಕ್ಕೊಮ್ಮೆ ಆ ಟ್ಯಾಂಕು ಎಲ್ಲಿ ಬಾಯಿ ತೆರೆಯುತ್ತದೆ? ಕಾಡಿನ ರಸ್ತೆ, ರಾತ್ರಿ, ಕೆಳಗೆ ತೋಡು, ನೋಡುವವರಿಲ್ಲ, ಹಿಡಿಕೆ ಎಳೆಯಲು ಎರಡು ನಿಮಿಷ. ಮರುಭೂಮಿಯಲ್ಲಿ ಚೆಲ್ಲಿದ ಕೊಳೆ ಚೆಲ್ಲಿದಲ್ಲಿಯೇ ಒಣಗಿ ಚೆಲ್ಲಿದವನ ಮೂಗಿಗೇ ಹೊಡೆಯುತ್ತದೆ. ನಮ್ಮಲ್ಲಿ ಅದು ಹೊಳೆ ಹಿಡಿದು ಕೆಳಗಿನವರ ಬಾವಿಗೆ, ಪಂಚಾಯತಿನ ಪಂಪಿಗೆ, ಸ್ನಾನಘಟ್ಟಕ್ಕೆ ಇಳಿಯುತ್ತದೆ.

ಆದ್ದರಿಂದ ಕ್ಯಾರವಾನ್ ಬರಲೆಂದು ಭಾಷಣ ಮಾಡುವವರಲ್ಲಿ, ಪಾರ್ಕಿಗೆ ಅರ್ಜಿ ಹಾಕುವವರಲ್ಲಿ, ಪರವಾನಗಿಗೆ ಸಹಿ ಹಾಕುವವರಲ್ಲಿ ಕೇಳಬೇಕಾದ್ದು ಇಷ್ಟು. ಏಪ್ರಿಲಿನ ಒಂದು ದಿನಕ್ಕೆ ಇಪ್ಪತ್ತು ಗಾಡಿ ಎಂದಿಟ್ಟುಕೊಳ್ಳೋಣ, ಮೂರು ಸಾವಿರ ಲೀಟರು ಒಳ್ಳೆಯ ನೀರು. ಅದನ್ನು ಯಾವ ಬಾವಿಯಿಂದ ತುಂಬಿಸುತ್ತೀರಿ, ಆ ಬಾವಿಯ ಪಕ್ಕದ ಮನೆಯವರನ್ನು ಕೇಳಿದ್ದೀರಾ? ಅಷ್ಟೇ ನೀರು ಕೊಳೆಯಾಗಿ ವಾಪಸ್ ಬಂದಾಗ ಪೈಪು ಸಿಕ್ಕಿಸುವ ಜಾಗ ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕುಗಳ ನಕ್ಷೆಯಲ್ಲಿ ಎಲ್ಲಿ? ಬೆರಳಿಟ್ಟು ತೋರಿಸಿ. ಸ್ನಾನಘಟ್ಟಕ್ಕಿಂತ ಮೇಲೆಯೋ ಕೆಳಗೋ ಎಂಬುದನ್ನೂ ಹೇಳಿಬಿಡಿ.